ಕೊಕ್ಕಿನಿಂದ ಓದಿದ ಗೋಡೆ

ಒಂದು ಜೊಂಡಿನ ಕಾಡಿನಲ್ಲಿ ಹಕ್ಕಿಗಳು ವಾಸವಾಗಿದ್ದವು. ಕಾಡು ಇದ್ದದ್ದು ನೈಲ್ ನದಿಯ ದಡದಲ್ಲಿ. ಈಜಿಪ್ಟಿನ ಜನ ಕಲ್ಲಿನ ಗುಡಿಗಳನ್ನು ಕಟ್ಟುತ್ತಿದ್ದ ಕಾಲ ಅದು.

ಅಲ್ಲಿ ಮಳೆ ಇಲ್ಲ. ಇರುವುದು ನದಿ ಒಂದೇ. ವರ್ಷಕ್ಕೊಮ್ಮೆ ಅದು ಉಕ್ಕುತ್ತಿತ್ತು. ಎಷ್ಟು ಉಕ್ಕುತ್ತದೆ ಎಂದು ತಿಳಿಯಲು ಜನ ಗುಡಿಯ ಪಕ್ಕ ನದಿಯೊಳಕ್ಕೆ ಮೆಟ್ಟಿಲು ಇಳಿಸಿ, ಗೋಡೆಯ ಮೇಲೆ ಮೊಳಕ್ಕೊಂದು ಗೀಟು ಹಾಕಿದ್ದರು. ನೀರು ಏರತೊಡಗಿದ ಹತ್ತನೆಯ ದಿನ ಹೋಗಿ ನೋಡುತ್ತಿದ್ದರು. ನೀರಿನ ಮೇಲೆ ಹೆಚ್ಚು ಗೀಟು ಉಳಿದಿದ್ದರೆ ಸಣ್ಣ ನೆರೆ. ಕಡಿಮೆ ಉಳಿದಿದ್ದರೆ ದೊಡ್ಡ ನೆರೆ.

ಹಕ್ಕಿಗಳಿಗೂ ಇದು ತಿಳಿಯಬೇಕಿತ್ತು. ದೊಡ್ಡ ನೆರೆ ಬರುವುದಾದರೆ ನದಿಯ ನಡುವಿನ ದಿಬ್ಬದ ಮೇಲೆ ಗೂಡು. ಸಣ್ಣ ನೆರೆಯಾದರೆ ತಗ್ಗಿನ ದಡದಲ್ಲಿ. ಸಣ್ಣ ನೆರೆಯಲ್ಲೂ ದಿಬ್ಬದ ಮೇಲೆ ಕಟ್ಟಿದರೆ ಮರಿಗಳು ಕಾದ ಮರಳಿನಲ್ಲಿ ನೀರಿನವರೆಗೆ ನಡೆಯಲಾರದೆ ಸಾಯುತ್ತಿದ್ದವು. ಗೀಟು ನೋಡಿ ಬಂದು ಹೇಳುವವನು ಇಪಿ. ಬಾಗಿದ ಕೊಕ್ಕಿನ ಮುದಿ ಕೊಕ್ಕರೆ. ಒಮ್ಮೆಯೂ ತಪ್ಪು ಹೇಳಿದವನಲ್ಲ.

ಒಂದು ವರ್ಷ ಇಪಿಯ ಕಣ್ಣು ಹೋಯಿತು. ಅವನು ಯಾರಿಗೂ ಹೇಳಲಿಲ್ಲ. ನಾಚಿಕೆ.

ಹೂಯಿ ಎಂಬ ನರಿಗೆ ಮಾತ್ರ ತಿಳಿಯಿತು. ಇಪಿ ಮರದ ಬೇರನ್ನು ಮೀನೆಂದು ಕುಕ್ಕುವುದನ್ನು ಅವನು ಕಂಡಿದ್ದ.

"ಅಜ್ಜ, ನಿನ್ನ ಗುಟ್ಟು ನನ್ನ ಹೊಟ್ಟೆಯಲ್ಲಿರಲಿ," ಎಂದ ಹೂಯಿ. "ಗೀಟು ನಾನು ನೋಡಿ ಬರುತ್ತೇನೆ. ನಿನ್ನ ಬಾಯಲ್ಲೇ ನೀನು ಹೇಳು. ಮರ್ಯಾದೆ ಉಳಿಯುತ್ತದೆ."

"ಅದರಿಂದ ನಿನಗೇನು?"

"ಏನಜ್ಜ ಹೀಗಂತೀಯ! ಜನ ಗೋರಿಗಳ ಮೇಲೆ ನನ್ನ ಮುಖ ಕೆತ್ತುತ್ತಾರೆ. ಸತ್ತವರನ್ನೇ ಕಾಯುವವನು, ಬದುಕಿರುವ ನಿನ್ನನ್ನು ಕಾಯಲಾರೆನೇ?"

ಇಪಿ ಒಪ್ಪಿದ.

ಹತ್ತನೆಯ ದಿನ ಹೂಯಿ ಗುಡಿಯವರೆಗೆ ಹೋದ. ಮೆಟ್ಟಿಲು ಇಳಿಯಲಿಲ್ಲ. ಅವನಿಗೆ ನೀರೆಂದರೆ ಆಗದು. ನೆರಳಲ್ಲಿ ಒಂದು ನಿದ್ದೆ ತೆಗೆದು ಬಂದ. "ಹನ್ನೆರಡು ಗೀಟು ಉಳಿದಿವೆ. ಸಣ್ಣ ನೆರೆ," ಎಂದ. ಹಕ್ಕಿಗಳು ದಡದಲ್ಲೇ ಗೂಡು ಕಟ್ಟಿದರೆ ಕಾಲು ನೆನೆಯದೆ ಮೊಟ್ಟೆ ತಿನ್ನಬಹುದು. ಅವನ ಯೋಚನೆ ಅಷ್ಟೆ.

ಇಪಿ ಅದನ್ನೇ ಸಾರಿದ. ಎಲ್ಲರೂ ತಗ್ಗಿನಲ್ಲಿ ಗೂಡು ಕಟ್ಟಿದರು. ಮೆರಿತ್ ಎಂಬ ಹೆಬ್ಬಾತು ನಾಲ್ಕು ಮೊಟ್ಟೆ ಇಟ್ಟಳು. ಹೋದ ವರ್ಷ ಹದ್ದುಗಳ ಕಾಟದಿಂದ ಅವಳ ಒಂದು ಮರಿಯೂ ಉಳಿದಿರಲಿಲ್ಲ.

ಕೆಲವು ವಾರ ಕಳೆದವು. ಅಕ್ಕಪಕ್ಕದ ಗೂಡುಗಳಲ್ಲಿ ಮೊಟ್ಟೆ ಕಾಣೆಯಾಗತೊಡಗಿತು. ನೀರೂ ದಿನಕ್ಕಿಷ್ಟು ಏರುತ್ತ ಬಂತು. ಮೆರಿತ್ ಇಪಿಯ ಬಳಿಗೆ ಓಡಿದಳು.

"ಅಜ್ಜ, ಸಣ್ಣ ನೆರೆ ಹೀಗೆ ಓಡಿ ಬರುತ್ತದೆಯೇ? ಗೀಟು ನೀನೇ ನೋಡಿದೆಯಾ?"

ಇಪಿ ಕೊಕ್ಕು ತಗ್ಗಿಸಿದ.

"ಇಲ್ಲ ಮಗಳೇ. ನನಗೆ ಕಣ್ಣು ಕಾಣುವುದಿಲ್ಲ. ಹೂಯಿ ನೋಡಿ ಹೇಳಿದ."

ಮೆರಿತ್ ಬೈಯಬಹುದಿತ್ತು. ಬೈಯಲಿಲ್ಲ. ಅವನ ಕೊರಳಿಗೆ ತನ್ನ ಕೊರಳು ಒತ್ತಿ ನಿಂತಳು.

"ಇಷ್ಟು ದಿನ ಒಬ್ಬನೇ ನುಂಗಿಕೊಂಡು ಕೂತಿದ್ದೆಯಲ್ಲ. ಆ ಗೀಟು ಬಣ್ಣದ್ದೋ, ಕೆತ್ತಿದ್ದೋ?"

"ಕೆತ್ತಿದ್ದು."

"ಮತ್ತೆ! ಅಷ್ಟುದ್ದ ಕೊಕ್ಕು ಯಾತಕ್ಕಿದೆ? ನಡಿ."

ಮೊಟ್ಟೆ ಕಾಯಲು ನೀರಾನೆ ತೇತಿಯನ್ನು ಕರೆದಳು. ಬಸುರಿಯರು ನೀರಾನೆಯ ಪುಟ್ಟ ಬೊಂಬೆಯನ್ನು ಕೊರಳಿಗೆ ಕಟ್ಟಿಕೊಳ್ಳುವ ದೇಶ ಅದು. ತಾಯಂದಿರನ್ನು ಕಾಯುವವಳು ಎಂದು ನಂಬಿಕೆ.

"ಹೋಗಿ ಬಾ ತಂಗಿ," ಎಂದಳು ತೇತಿ. "ಹೆದರಬೇಡ, ನಾನು ಕೂರುವುದಿಲ್ಲ. ನಿಂತೇ ಇರುತ್ತೇನೆ."

ಮೆರಿತ್ ಮುಂದೆ, ಇಪಿ ಹಿಂದೆ. ಮೆಟ್ಟಿಲಲ್ಲಿ ಇಪಿ ಕೊಕ್ಕನ್ನು ಗೋಡೆಗೆ ಆನಿಸಿ ಇಳಿದ. ಒಂದು ಗೀಟು ಸಿಕ್ಕಿತು. ಇನ್ನೊಂದು ಸಿಕ್ಕಿತು. ಮೂರನೆಯದು ಸಿಗುವ ಮೊದಲೇ ಕೊಕ್ಕು ನೀರಿನಲ್ಲಿತ್ತು.

"ಎರಡೇ!" ಎಂದ ಇಪಿ. "ನಾಳೆ ಬೆಳಗಾಗುವುದರೊಳಗೆ ತಗ್ಗೆಲ್ಲ ಮುಳುಗುತ್ತದೆ."

ಕಾಡಿಗೆ ಬಂದು ಇಪಿ ಎಲ್ಲರನ್ನೂ ಕೂಗಿದ. "ನಾನು ಕುರುಡ. ಅಂದು ಹೇಳಿದ್ದು ನಾನು ನೋಡಿದ್ದಲ್ಲ. ಇಂದು ಹೇಳುತ್ತಿರುವುದು ನಾನು ಮುಟ್ಟಿದ್ದು. ಏಳಿ, ದಿಬ್ಬಕ್ಕೆ ನಡೆಯಿರಿ!"

ಯಾರೂ ನಗಲಿಲ್ಲ. ಆದರೆ ಮೊಟ್ಟೆ ಸಾಗಿಸುವುದು ಹೇಗೆ?

ಅದಕ್ಕೆ ತೇತಿ ಇದ್ದಳು. ಜನ ಜೊಂಡಿನ ಕಟ್ಟು ಬಿಗಿದು ದೋಣಿ ಮಾಡುವುದನ್ನು ಅವಳು ದಿನಾ ನೋಡುತ್ತಿದ್ದಳು. ನೀರು ಆಗಲೇ ಗೂಡುಗಳ ಬುಡಕ್ಕೆ ಬಂದಿತ್ತು. ಅವಳು ಬುಡದ ಜೊಂಡನ್ನು ಹಲ್ಲಿನಿಂದ ಕಡಿದಳು. ಹಕ್ಕಿಗಳು ಅದನ್ನು ಗೂಡಿನ ಸುತ್ತ ಸುತ್ತಿ ಬಿಗಿದವು. ಗೂಡುಗಳು ತೇಲಿದವು. ತೇತಿ ಒಂದೊಂದನ್ನೇ ಮೂತಿಯಿಂದ ಮೆಲ್ಲಗೆ ದೂಡಿದಳು. ಮೆರಿತ್ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಕೂತೇ ದಿಬ್ಬ ಸೇರಿದಳು.

ಹೂಯಿಗೂ ಇಪಿ ಹೇಳಿ ಕಳುಹಿಸಿದ. ಹೂಯಿ ದಡದ ಬಿಲದಲ್ಲಿ ಮಲಗಿದ್ದ. ಹೊಟ್ಟೆ ತುಂಬ ಕದ್ದ ಮೊಟ್ಟೆ.

"ಕುರುಡ ನೋಡಿ ಬಂದನಂತೆ!" ಎಂದು ನಕ್ಕು ಮಗ್ಗುಲು ಬದಲಿಸಿದ.

ಬೆಳಗಿನ ಹೊತ್ತಿಗೆ ಬಿಲದೊಳಗೆ ನೀರು ನುಗ್ಗಿತು. ಹೂಯಿ ಹೇಗೋ ಒಂದು ಖರ್ಜೂರದ ಮೋಟು ಹತ್ತಿದ. ನೀರು ಅವನ ಬಾಲ ಮುಟ್ಟಿತು.

"ಅಜ್ಜ! ಕಾಪಾಡಜ್ಜ!"

"ಹನ್ನೆರಡು ಗೀಟು ಉಳಿದಿವೆಯಲ್ಲ ಹೂಯಣ್ಣ," ಎಂದಳು ಮೆರಿತ್. "ಕೂತು ಎಣಿಸು."

"ಸಾಕು ಮಗಳೇ," ಎಂದ ಇಪಿ. "ತೇತಿ, ಅವನನ್ನು ಆಚೆ ದಡಕ್ಕೆ ಬಿಡು."

ತೇತಿ ಅವನ ಬಾಲ ಕಚ್ಚಿ ನದಿಗೆ ಅಡ್ಡಲಾಗಿ ಎಳೆದೊಯ್ದು ಮರುಭೂಮಿಯ ಕಡೆಗೆ ಒಗೆದಳು. ಜೊಂಡಿನ ಕಾಡಿನಲ್ಲಿ ಹೂಯಿಯನ್ನು ಮತ್ತೆ ಯಾರೂ ಕಾಣಲಿಲ್ಲ.

ದಿಬ್ಬ ಸೇರಿದ ಆರನೆಯ ದಿನ ಮೆರಿತ್‌ಳ ನಾಲ್ಕೂ ಮೊಟ್ಟೆ ಒಡೆದು ಮರಿಗಳು ಬಂದವು. ಅವಳು ಮೇಯಲು ಹೋದಾಗ ಅವು ಇಪಿಯ ರೆಕ್ಕೆಯೊಳಗೆ ನುಗ್ಗಿ ನಿದ್ದೆ ಹೋದವು. ಇಪಿಯ ಕಾಲು ಜೋಮು ಹಿಡಿಯಿತು. ಸಂಜೆಯವರೆಗೂ ಅವನು ಅಲುಗಲಿಲ್ಲ.

ನೀತಿ: ತನ್ನ ಕುಂದನ್ನು ಮುಚ್ಚಿಟ್ಟವನು ಮೋಸಗಾರನ ಕೈಗೆ ಸಿಗುತ್ತಾನೆ. ತನ್ನವರಿಗೆ ಹೇಳಿಕೊಂಡವನಿಗೆ ದಾರಿ ಸಿಗುತ್ತದೆ.