ಮಂಡಕ್ಕಿ ವ್ಯಾಪಾರಿಯ ಪಾಸ್‌ವರ್ಡ್

"ಅಯ್ಯನವರೇ, ಮನೆಯ ಕಂಪ್ಯೂಟರಿಗೆ ಯಾವ ಪಾಸ್‌ವರ್ಡ್ ಹಾಕಿದರೂ ನನ್ನ ಮಗ ತೆರೆದುಬಿಡುತ್ತಾನೆ. ಅವನಿಂದ ತೆರೆಯಲಾಗದ ಬೀಗ ಯಾವುದು?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಅಯ್ಯನವರು ನಕ್ಕರು. "ಬೀಗದ ಮಾತು ಆಮೇಲೆ. ಮೊದಲು ಇದನ್ನು ಕೇಳು," ಎಂದು ಶುರುಮಾಡಿದರು.

ಒಬ್ಬ ಮಂಡಕ್ಕಿ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು, ಏಳನೆಯ ತರಗತಿ. ಕಂಪ್ಯೂಟರಿನ ಮುಂದೆ ಆಟಕ್ಕೆ ಕೂತರೆ ಏಳುತ್ತಿರಲಿಲ್ಲ. ಆ ಆಟದೊಳಗೆ ಗುರುತಿಲ್ಲದ ಯಾರೋ ಒಬ್ಬ ಅವಳೊಡನೆ ಮಾತು ಬೆಳೆಸಿದ್ದ. 'ನಿನ್ನ ಫೋಟೋ ಕಳಿಸು' ಎಂದು ಅವನು ಬರೆದದ್ದನ್ನು ವ್ಯಾಪಾರಿ ಒಂದು ದಿನ ಕಣ್ಣಾರೆ ಕಂಡ. ನಾನಿಲ್ಲದಾಗ ಇದನ್ನು ಯಾರೂ ತೆರೆಯಕೂಡದು ಎಂದು ಅಂದೇ ಪಾಸ್‌ವರ್ಡ್ ಹಾಕಿದ.

ಎರಡೇ ದಿನ. ಮಗಳು ತೆರೆದಳು. ಬದಲಿಸಿದ, ಮತ್ತೆ ತೆರೆದಳು. ಆಸಾಮಿ ಹಟಮಾರಿ, ಬಿಡಲಿಲ್ಲ. ನಾಲ್ಕು ಅಂಕಿಯದು ಎಂಟಾಯಿತು, ಎಂಟು ಹದಿನಾರಾಯಿತು. ಇವನು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರುತ್ತಿದ್ದಳು.

ಕೊನೆಗೆ ರಿಪೇರಿಯವನನ್ನು ಕರೆಸಿದ. ಅವನು ಎಲ್ಲ ನೋಡಿ, "ಇದರಲ್ಲಿ ಏನೂ ಕೆಟ್ಟಿಲ್ಲ ಸಾಹುಕಾರರೇ. ನೀವೇ ಒಂದು ಸಲ ಹಾಕಿ ತೋರಿಸಿ," ಎಂದ.

ಮೂವತ್ತು ವರ್ಷ ಸೇರಿನಲ್ಲಿ ಮಂಡಕ್ಕಿ ಅಳೆದ ಬಾಯಿ ಅದು. ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಗಿರಾಕಿಯ ಕಿವಿಗೆ ಬೀಳಲಿ ಎಂದು ಗಟ್ಟಿಯಾಗಿ ಎನ್ನುತ್ತಾರೆ. ವ್ಯಾಪಾರಿ ಒಂದೊಂದೇ ಅಂಕಿ ಒತ್ತುತ್ತಾ, "ಲಾಭ... ಏಳು... ನಾಲ್ಕು... ಲಾಭ..." ಎಂದು ಮನೆಗೆಲ್ಲ ಸಾರಿದ. ಪಕ್ಕದ ಕೋಣೆಯಲ್ಲಿ ಲೆಕ್ಕ ಮಾಡುತ್ತಿದ್ದ ಮಗಳು ಪುಸ್ತಕದ ಅಂಚಿನಲ್ಲಿ ಎಲ್ಲವನ್ನೂ ಬರೆದುಕೊಂಡಳು. ರಿಪೇರಿಯವನು ತೆರೆದ ಬಾಗಿಲಿನಿಂದ ಅದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ.

ವ್ಯಾಪಾರಿಗೆ ನಾಚಿಕೆಯಾಯಿತು. ಸಿಟ್ಟೂ ಬಂತು. "ಕದ್ದು ಕೇಳಿಸಿಕೊಳ್ಳುತ್ತೀಯಾ?" ಎಂದು ಮಗಳನ್ನು ಗದರಿದ.

ಮಗಳ ಕಣ್ಣು ತುಂಬಿತು. "ಕದಿಯಲಿಲ್ಲಪ್ಪಾ. ಅಂಗಡಿಯಿಂದ ಬಂದಮೇಲೆ ನೀನು ಬಾಯಿ ಬಿಡುವುದು ಅದೊಂದಕ್ಕೇ. ಆ ಆಟದವನಾದರೆ ಊಟ ಆಯಿತಾ ಅಂತ ದಿನಾ ಕೇಳುತ್ತಾನೆ," ಎಂದಳು.

ವ್ಯಾಪಾರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಆಟದವನನ್ನು ಗೆಳೆಯರ ಪಟ್ಟಿಯಿಂದ ಅವಳ ಕೈಯಿಂದಲೇ ತೆಗೆಸಿಹಾಕಿದ. ಅವಳು ಎದ್ದು ಹೋದ ಮೇಲೆ ತುಟಿ ಕಚ್ಚಿಕೊಂಡು ಹೊಸ ಪಾಸ್‌ವರ್ಡ್ ಒತ್ತಿದ. ಅದನ್ನು ಮಗಳು ಇವತ್ತಿನವರೆಗೆ ತೆರೆದಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು.

"ಅಷ್ಟೇನಾ ಅಯ್ಯನವರೇ? ಬಾಯಿ ಮುಚ್ಚಿಕೊಂಡು ಒತ್ತಿದರೆ ಸಾಕಾ?" ಎಂದ ಚೆನ್ನವೀರ.

"ಮುಚ್ಚಿಕೊಂಡೇ ಒತ್ತು ಮಾರಾಯ, ಅದಿರಲಿ, ನಿನ್ನ ಮಗ ಇವತ್ತು ಊಟ ಮಾಡಿದನೋ ಇಲ್ಲವೋ, ಅದನ್ನು ಹೇಳು ನೋಡೋಣ."