ಬರುವವರ ಎಲೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಕಾಲು ಸ್ವಾಧೀನವಿಲ್ಲದ ಆ ನೇಕಾರ ಪಾಠ ಕೇಳಲು ಬರುತ್ತಾನಲ್ಲ, ಅವನನ್ನು ದಿನವೂ ನಾನೇ ಹನ್ನೆರಡು ಮೆಟ್ಟಿಲು ಹೊತ್ತು ತರುತ್ತೇನೆ. ವರ್ಷವಾಯಿತು. ಮೊದಮೊದಲು ಕೈ ಮುಗಿಯುತ್ತಿದ್ದ. ಈಗ ಅದೂ ಇಲ್ಲ. ಉಪಕಾರ ನೆನೆಯದವನಿಗೆ ಮಾಡಿದ್ದು ಸೇವೆ ಎನಿಸುತ್ತದೆಯೇ?"

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ತನ್ನ ಛತ್ರದಲ್ಲಿ ದಿನವೂ ಮಧ್ಯಾಹ್ನ ಬಂದವರಿಗೆಲ್ಲ ಊಟ ಹಾಕುತ್ತಿದ್ದ. ಹೆಚ್ಚಿನವರು, ಕಡಿಮೆಯವರು ಎಂಬುದಿಲ್ಲ; ಎಲ್ಲರೂ ಒಂದೇ ಪಂಕ್ತಿಯಲ್ಲಿ ನೆಲದ ಮೇಲೆ ಕೂರಬೇಕು, ಊಟ ಮುಗಿದ ಮೇಲೆ ಒಟ್ಟಿಗೇ ಏಳಬೇಕು. ಪಂಕ್ತಿಯ ಕೊನೆಗೆ ಒಂದು ಎಲೆ ಹೆಚ್ಚಿಗೆ ಹಾಕಿ ಅದಕ್ಕೂ ಬಡಿಸುತ್ತಿದ್ದರು. ಅದು ಬರುವವರ ಎಲೆ. ಯಾವ ಹೊತ್ತಿಗೆ ಯಾರು ಹಸಿದು ಬರುತ್ತಾರೋ ಎಂದು ವರ್ತಕನ ಅಜ್ಜ ಮಾಡಿಟ್ಟ ಕಟ್ಟಳೆ.

ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಅಷ್ಟೂ ಊಟದೆಲೆಗಳನ್ನು ಹಚ್ಚುತ್ತಿದ್ದವಳು ಮುದ್ದಮ್ಮ ಎಂಬ ಹೆಂಗಸು. ಹುಟ್ಟಿದಂದಿನಿಂದ ಅವಳಿಗೆ ಮಂಡಿ ಮಡಚಲು ಆಗುತ್ತಿರಲಿಲ್ಲ. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಹಾಗಾಗಿ ಎತ್ತರದ ಮುಕ್ಕಾಲಿಯ ಮೇಲೆ ಕಾಲು ಚಾಚಿ ಕೂತೇ ಕೆಲಸ, ಅಲ್ಲೇ ಊಟ. ಅವಳಿಗೆ ಬಾಗಿಲ ಹೊರಗೆ ಎಲ್ಲರಿಗಿಂತ ಮೊದಲು ಬಡಿಸುತ್ತಿದ್ದರು, ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ. ಉಂಡ ಮೇಲೆ ಅವಳು ತಪ್ಪದೆ "ನಿಮ್ಮ ಹೊಟ್ಟೆ ತಣ್ಣಗಿರಲಿ" ಎನ್ನುತ್ತಿದ್ದಳು. ವರ್ತಕನಿಗೆ ಆ ಮಾತು ಕೇಳದೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಪಂಕ್ತಿ ನಡೆಯುತ್ತಿರುವಾಗ ಅವಳು ವರ್ತಕನನ್ನು ಕರೆದಳು.

"ಯಜಮಾನ್ರೇ, ಆ ಕೊನೇ ಎಲೆ ಯಾರದ್ದು?"

"ಬರೋರದ್ದು. ನೀನೇ ಹಚ್ಚಿಕೊಡೋದಲ್ವಾ ತಾಯಿ?"

"ಹದಿನಾರು ವರ್ಷದಿಂದ ಹಚ್ತಿದೀನಿ. ಅವರು ಬಂದಿದ್ದು ಕಾಣೆ. ನಾನು ದಿನಾ ಬರ್ತಿದೀನಿ."

ವರ್ತಕ ನಕ್ಕ. "ನಿನಗೇನು ಕಮ್ಮಿ ಮಾಡಿದೀವಮ್ಮ? ತುಪ್ಪ ಸಾಲಲ್ವಾ?"

"ತುಪ್ಪ ಜಾಸ್ತೀನೇ ಆಯ್ತು. ಪಕ್ಕದಲ್ಲಿ ಒಬ್ರೂ ಇಲ್ಲ. ಸಾರಿಗೆ ಉಪ್ಪು ಕಮ್ಮಿ ಅಂತ ಯಾರ ಹತ್ರ ಹೇಳ್ಲಿ?"

"ಮುಕ್ಕಾಲಿ ಒಳಗೆ ತಂದ್ರೆ ಹಿರಿಯರಿಗಿಂತ ಎತ್ತರ ಕೂತ ಹಾಗಾಗತ್ತೆ. ಪಂಕ್ತಿ ಅಂದ್ಮೇಲೆ ಎಲ್ರೂ ಸಮ ಅಲ್ವಾ?"

"ಹೌದೌದು. ಎಲ್ರೂ ಸಮ, ನಾನು ಹೊರಗೆ," ಎಂದು ಮುದ್ದಮ್ಮ ಗೋಡೆ ಹಿಡಿದು ಎದ್ದು ನಿಂತಳು. "ಇಲ್ಲಿ ಒಂದು ಗಳಿಗೆ ಕೂತ್ಕೊಳ್ಳಿ. ಇಲ್ಲಿಂದ ನಿಮ್ಮ ಪಂಕ್ತಿ ಚೆನ್ನಾಗಿ ಕಾಣತ್ತೆ."

ಅವಳ ಮಾತು ತೆಗೆದುಹಾಕಲಾರದೆ ವರ್ತಕ ಕೂತ.

ಪಂಕ್ತಿ ಏಳುವ ಹೊತ್ತಾಯಿತು. ದಿನವೂ ಆ ಹೊತ್ತಿಗೆ ವರ್ತಕ ಎದುರಿಗೆ ಕೈ ಮುಗಿದು ನಿಂತಿರುತ್ತಿದ್ದ. ವಯಸ್ಸಾದವರು ಏಳುವ ಮೊದಲು ಎರಡೂ ಕೈ ನೆಲಕ್ಕೆ ಊರಿ ತಲೆ ಬಾಗಿಸುತ್ತಿದ್ದರು. ತನ್ನ ಅನ್ನಕ್ಕೆ ಎಷ್ಟು ಭಕ್ತಿ ಎಂದು ಅವನ ಕಣ್ಣು ತುಂಬುತ್ತಿತ್ತು. ಇಂದು ಹಿಂದಿನಿಂದ ನೋಡಿದ. ಒಬ್ಬ ಮುದುಕ ಪಕ್ಕದವನ ಭುಜ ಹಿಡಿದು ಎದ್ದ. ಇನ್ನೊಬ್ಬ ಎರಡು ಸಲ ಪ್ರಯತ್ನಿಸಿ ಮತ್ತೆ ಕೂತ. ಒಬ್ಬ ಅಜ್ಜಿ ಎದ್ದು ಸೊಂಟ ಹಿಡಿದುಕೊಂಡು ನಿಂತಳು. ಅವರು ಕೈ ಊರಿ ತಲೆ ಬಾಗಿಸುತ್ತಿದ್ದದ್ದು ನಮಸ್ಕಾರವಾಗಿರಲಿಲ್ಲ.

"ನನಗೆ ಯಾರೂ ಹೇಳಲೇ ಇಲ್ಲವಲ್ಲ," ಎಂದ ವರ್ತಕ.

"ಉಣ್ಣೋ ಮನೇಲಿ ಮಂಡಿ ನೋವಿನ ಮಾತಾಡ್ತಾರಾ?" ಎಂದಳು ಮುದ್ದಮ್ಮ.

ಹದಿನೈದು ದಿನದಲ್ಲಿ ಛತ್ರದ ಉದ್ದಕ್ಕೂ ಕೂರಲು ಒಂದು ಕಲ್ಲಿನ ಕಟ್ಟೆ ಎದ್ದಿತು, ಅದರ ಮುಂದೆ ಎಲೆ ಹಾಕಲು, ಅಡಿಯಲ್ಲಿ ಕಾಲು ಚಾಚುವಂತೆ, ಇನ್ನೊಂದು. ಎಲ್ಲರೂ ಒಂದೇ ಎತ್ತರದಲ್ಲಿ ಕೂತರು. ಮುದ್ದಮ್ಮ ನಡುವೆ ಕೂತಳು. ಬಲಕ್ಕೆ ಕೂತ ಮುದುಕ ಅವಳ ಕಡೆ ತಿರುಗಿ, "ಏಳೋದಕ್ಕೆ ಹೆದರಿ ಇಷ್ಟು ವರ್ಷ ಅರ್ಧ ಹೊಟ್ಟೆ ಉಣ್ತಿದ್ದೆ ಕಣವ್ವ. ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದ. ಛತ್ರಕ್ಕೆ ಬರುವುದನ್ನೇ ಬಿಟ್ಟಿದ್ದ ನಾಲ್ಕು ಮಂದಿ ಆ ವಾರ ಮತ್ತೆ ಬಂದರು. ಒಬ್ಬ ಊರುಗೋಲಿನವನು ಬರುವವರ ಎಲೆಯ ಮುಂದೆ ಕೂತ. ಅಜ್ಜನ ಕಾಲದಿಂದ ಬಡಿಸುತ್ತ ಬಂದಿದ್ದ ಆ ಎಲೆಯನ್ನು ಒಬ್ಬರು ಉಂಡದ್ದು ಅಂದೇ ಮೊದಲು. ಅದನ್ನು ನೋಡಿ ಮುದ್ದಮ್ಮ ಮಾರನೆಯ ದಿನಕ್ಕೆ ಇನ್ನೊಂದು ಎಲೆ ಹೆಚ್ಚಿಗೆ ಹಚ್ಚಿದಳು.

ಪಂಕ್ತಿಗೆ ಸೇರಿದ ಮೇಲೆ ಅವಳು ವರ್ತಕನನ್ನು ಹರಸಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಎಂದು ಎಡಕ್ಕೆ ಕೂತವಳ ಹತ್ತಿರ ಹೇಳಿದಳು, ಎರಡನೆಯ ಸಲ ಅದೇ ಸಾರು ಹಾಕಿಸಿಕೊಂಡಳು. ವರ್ತಕ ಉಪ್ಪಿನ ಬಟ್ಟಲನ್ನು ತಾನೇ ತಂದು ಅವಳ ಮುಂದಿಟ್ಟು, ಕೈ ಮುಗಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಆದರೆ ಗುರುಗಳೇ, ನೇಕಾರ ನನಗೆ ಒಂದು ಮಾತಾದರೂ ಹೇಳಬಹುದಿತ್ತಲ್ಲ," ಎಂದ.

"ಎದುರಿಗೆ ಹನ್ನೆರಡು ಮೆಟ್ಟಿಲು ಇಟ್ಟುಕೊಂಡು ಕೂತಿರುವ ನಮ್ಮಲ್ಲಿಗೆ ಅವನು ಇನ್ನೂ ಬರುತ್ತಿದ್ದಾನಲ್ಲ, ಅದಕ್ಕೆ ನಾವು ಒಂದು ದಿನವಾದರೂ ಅವನಿಗೆ ಕೈ ಮುಗಿದಿದ್ದೇವೆಯೇ?" ಎಂದರು ಗುರುಗಳು.