ಎದ್ದಿಲ್ಲ, ಎದ್ದಿಲ್ಲ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಜಪ ಮಾಡುವವರದಲ್ಲ, ಜಪವನ್ನೂ ಮರೆತ ಮುದುಕರದು.

ಮರೆವಿನ ರೋಗಿಗಳ ಆರೈಕೆಯನ್ನೇ ವಿಶೇಷವಾಗಿ ಕಲಿತ ನರ್ಸ್ ಕಸ್ತೂರಕ್ಕ ಅಲ್ಲಿನ ಗುರು. ಹೊಸ ನರ್ಸ್ ದಾನಮ್ಮ ಅವರ ಶಿಷ್ಯೆ. ಅವಳ ಕಾಲು ಬಲು ಚುರುಕು, ಕಿವಿ ಇನ್ನೂ ಚುರುಕಾಗಬೇಕಿತ್ತು.

ಒಂದು ದಿನ ಊಟದ ಹೊತ್ತಿಗೆ ಅವಳು ಏದುಸಿರು ಬಿಡುತ್ತ ಬಂದಳು.

“ಅಕ್ಕಾರ, ಗುರುಪಾದಜ್ಜ ಇವತ್ತೂ ಬಾಯಿ ತಗೀವಲ್ರು! ಸಂಜಿಗೆ ಮೂಗಿನ್ಯಾಗ ಪೈಪ್ ಹಾಕ್ತೀನಿ ಅಂದಾರ ಡಾಕ್ಟರು. ಅಜ್ಜ ಅದನ್ನ ಕಿತ್ತು ಒಗೀತಾರ. ಆಮ್ಯಾಲ ಅವರ ಕೈ ಕಟ್ಟಬೇಕಾಗ್ತದ!”

ಕಸ್ತೂರಕ್ಕ ಹೋಗಿ ಅಜ್ಜನ ಗಂಟಲ ಮೇಲೆ ಬೆರಳಿಟ್ಟು ಒಂದು ಚಮಚ ನೀರು ಕುಡಿಸಿದರು. ಸಲೀಸಾಗಿ ಇಳಿಯಿತು.

“ಊಟ ತಂದಾಗ ಏನಂತಾರ?”

“‘ಎದ್ದಿಲ್ಲ, ಎದ್ದಿಲ್ಲ’ ಅಂತಾರ. ಅದಕ್ಕ ಎಬ್ಬಿಸಿ ಕುಂದ್ರಿಸಿದೆ, ಬೆನ್ನಿಗೆ ದಿಂಬು ಕೊಟ್ಟೆ. ಮತ್ತೂ ಅದ ಮಾತು!”

“ಯಾರು ಎದ್ದಿಲ್ಲ ಅಂತ ಕೇಳಿದೇನು?”

ದಾನಮ್ಮ ಅದನ್ನು ಕೇಳಿರಲಿಲ್ಲ.

“ಅಜ್ಜ ಮೊದಲ ಏನ್ ಮಾಡ್ತಿದ್ರು?”

“ಮಠದ ದಾಸೋಹದಾಗ ಊಟಕ್ಕ ನೀಡ್ತಿದ್ರಂತ. ಮಗಳು ಹೇಳಿದ್ರು.”

“ನೀ ಅವರಿಗೆ ಯಾವಾಗ ಉಣಸ್ತಿ?”

“ಎಲ್ಲಾರಕಿಂತ ಮೊದಲ! ಭಾಳ ಸೊರಗ್ಯಾರಲ್ಲ.”

ಕಸ್ತೂರಕ್ಕ ಅಜ್ಜನ ಗಾಲಿಕುರ್ಚಿಯನ್ನು ಊಟದ ಸಾಲಿಗೆ ತಳ್ಳಿಸಿದರು. ತೊಡೆಯ ಮೇಲೆ ಆರಿದ ಹುಗ್ಗಿಯ ಪಾತ್ರೆಯಿಟ್ಟು ಕೈಗೆ ಸೌಟು ಕೊಟ್ಟರು.

ಅಜ್ಜ ಸೌಟನ್ನು ಹುಗ್ಗಿಯಲ್ಲಿ ಅದ್ದಿದರು. ತುಂಬಿಸಿ ನೆಟ್ಟಗೆ ಎತ್ತಿದರು.

“ಇನ್ನೊಂದಿಷ್ಟು ನೀಡ್ಲೇನ್ರೀ? ನಾಚಬ್ಯಾಡ್ರಿ, ಉಣ್ರಿ!”

ಅಬ್ಬಾ, ಆ ದನಿ! ಗೊಣಗುವುದನ್ನು ಬಿಟ್ಟು ಬೇರೇನೂ ಬಾರದೆಂದು ದಾನಮ್ಮ ಅಂದುಕೊಂಡಿದ್ದ ಅಜ್ಜ ಸಾಲಿನುದ್ದಕ್ಕೂ ಉಪಚಾರ ಹೇಳುತ್ತ ಹೋದರು. ಸಾಕೆಂದವರನ್ನೂ ಬಿಡಲಿಲ್ಲ. ಕುರ್ಚಿ ತಳ್ಳುತ್ತಿದ್ದ ದಾನಮ್ಮನಿಗೆ ಕುಣಿಯುವುದೊಂದು ಬಾಕಿ.

ಕಡೆಯವರೂ ಕೈ ತೊಳೆಯಲು ಎದ್ದರು. ಅಜ್ಜ ಸೌಟು ಕೆಳಗಿಟ್ಟರು.

“ಪಂಕ್ತಿ ಎದ್ದಿತು,” ಎಂದು ಬಾಯಿ ತೆರೆದರು.

ಕಸ್ತೂರಕ್ಕ ಕೊಟ್ಟ ತುತ್ತು ಇಳಿಯಿತು. ಇನ್ನೊಂದೂ ಇಳಿಯಿತು.

“ಉಂಡ್ರು ಅಕ್ಕಾರ, ಉಂಡ್ರು! ಪೈಪ್ ಬ್ಯಾಡಂತ ಡಾಕ್ಟರಿಗೆ ಹೇಳಿ ಬರ್ತೀನಿ!”

ದಾನಮ್ಮ ಓಡಿದಳು. ಬಾಗಿಲಲ್ಲಿ ತಿರುಗಿ ನಿಂತು ಕೂಗಿದಳು.

“ನೀವೂ ಮುಂಜಾನಿಂದ ಏನೂ ತಿಂದಿಲ್ಲ. ಉಣ್ಣಾಕ ಬರ್ರಿ!”

ಕಸ್ತೂರಕ್ಕ ಅಜ್ಜನಿಗೆಂದು ಮತ್ತೊಂದು ಚಮಚ ಹುಗ್ಗಿ ತುಂಬಿಕೊಂಡರು.

“ಪಂಕ್ತಿ ಇನ್ನೂ ಎದ್ದಿಲ್ಲ, ತಂಗಿ.”